ನಕ್ಷತ್ರಕ್ಕೆ ದೀಪ ಹಿಡಿದ ಸರ್ ವಿಲಿಯಂ ಹಗ್ಗಿನ್ಸ್

ಸೂರ್ಯನಿಗೆ ದೀಪ ಹಿಡಿಯುವುದು ಅವಿವೇಕವೆಂಬುದು ಲೋಕರೂಢಿ. ಆದರೆ ನಕ್ಷತ್ರದ ಬೆಳಕಿನ ಪಕ್ಕದಲ್ಲಿ ಭೂಮಿಯ ದೀಪವೊಂದನ್ನಿರಿಸಿ, ಎರಡನ್ನೂ ಹೋಲಿಸಿ, ಖಗೋಲವಿಜ್ಞಾನಕ್ಕೆ ಹೊಸ ದಾರಿಯನ್ನು ತೆರೆದ ಮಹನೀಯರೊಬ್ಬರುಂಟು. ಅವರೇ ಸರ್ ವಿಲಿಯಂ ಹಗ್ಗಿನ್ಸ್.

ಇವರು 1824ನೆಯ ಫೆಬ್ರವರಿ 7ರಂದು ಲಂಡನ್ ನಗರದ ರೇಷ್ಮೆವಸ್ತ್ರದ ವರ್ತಕರ ಮನೆತನದಲ್ಲಿ ಜನಿಸಿದರು. ವಿಶ್ವವಿದ್ಯಾಲಯದ ವ್ಯಾಸಂಗ ದೊರೆಯದೆ ಮನೆತನದ ವ್ಯಾಪಾರವನ್ನೇ ನಡೆಸಬೇಕಾಯಿತು. ಮುಂದೆ ಅದನ್ನು ತೊರೆದು, ನಗರದ ದಕ್ಷಿಣಕ್ಕಿರುವ ಟಲ್ಸ್ ಹಿಲ್‌ನಲ್ಲಿ ನೆಲೆಸಿ, ಸ್ವಂತ ವೆಚ್ಚದಿಂದಲೇ ವೀಕ್ಷಣಾಲಯವನ್ನು ಕಟ್ಟಿಸಿದರು.

ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಮೂಡುವ ಬಣ್ಣಗಳ ಪಟ್ಟಿಯೇ ರೋಹಿತ. ಅದರಲ್ಲಿ ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ರೇಖೆಗಳಿರುವುವೆಂದು ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸನ್ 1859-60ರಲ್ಲಿ ತೋರಿಸಿಕೊಟ್ಟರು. ಈ ವಾರ್ತೆಯಿಂದ ಪುಳಕಿತರಾದ ಹಗ್ಗಿನ್ಸರು, ನೆರೆಯವರಾದ ರಸಾಯನಶಾಸ್ತ್ರ ಪ್ರಾಧ್ಯಾಪಕ ವಿಲಿಯಂ ಅಲೆನ್ ಮಿಲ್ಲರರೊಡಗೂಡಿ ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿದರು.

ತಾರೆಯ ರೇಖೆ ಕಂಡರೆ ಸಾಲದು. ಅದರ ತರಂಗದೂರವೆಷ್ಟೆಂದು ತಿಳಿಯಲು ಅಳತೆಗೋಲು ಬೇಕು. ಅದಕ್ಕಾಗಿ ಇವರು ಕಬ್ಬಿಣ, ಮೆಗ್ನೀಸಿಯಂ ಮೊದಲಾದ ಲೋಹಗಳ ತುದಿಗಳ ನಡುವೆ ವಿದ್ಯುತ್ ಕಿಡಿಯನ್ನು ಹಾರಿಸಿ, ಆ ಬೆಳಕನ್ನು ತಾರೆಯ ಬೆಳಕು ಬರುವ ಸೀಳುಗಂಡಿಗೇ ತಂದರು. ಎರಡು ರೋಹಿತಗಳೂ ಒಂದರ ಪಕ್ಕದಲ್ಲೊಂದು ಮೂಡಿದುವು. ಅರಿತ ರೇಖೆಗಳು ಅರಿಯದ ರೇಖೆಗಳಿಗೆ ಒರೆಗಲ್ಲಾದುವು. ರೋಹಿಣಿ, ಆರ್ದ್ರಾ ತಾರೆಗಳಲ್ಲಿ ಭೂಮಿಯ ಮೂಲವಸ್ತುಗಳೇ ಇರುವುದು ಹೀಗೆ ಪ್ರಕಟವಾಯಿತು. 1864ನೆಯ ಆಗಸ್ಟ್ 29ರ ರಾತ್ರಿ ಡ್ರೇಕೋ ರಾಶಿಯ ನೀಹಾರಿಕೆಯಲ್ಲಿ ಕೆಲವೇ ಉಜ್ವಲ ರೇಖೆಗಳನ್ನು ಕಂಡು, ಅದು ತಾರೆಗಳ ಗುಂಪಲ್ಲ, ಬೆಳಗುವ ಅನಿಲವೆಂದು ನಿರ್ಣಯಿಸಿದರು.

1868ರಲ್ಲಿ ಲುಬ್ಧಕ ತಾರೆಯ ಜಲಜನಕ ರೇಖೆಯನ್ನು ಜಲಜನಕ ತುಂಬಿದ ವಿದ್ಯುನ್ನಳಿಗೆಯ ರೇಖೆಯೊಡನೆ ಹೋಲಿಸಿ, ಅದು ಕೆಂಪಿನತ್ತ ಸರಿದಿದೆಯೆಂದೂ, ತಾರೆಯು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಿಂದ ದೂರ ಸರಿಯುತ್ತಿದೆಯೆಂದೂ ಗಣಿಸಿದರು. ವಾಸ್ತವದಲ್ಲಿ ಅದು ಸುಮಾರು 5.5 ಕಿಲೋಮೀಟರ್ ವೇಗದಿಂದ ನಮ್ಮತ್ತಲೇ ಬರುತ್ತಿದೆ. ಕೂದಲೆಳೆಗಿಂತ ಸೂಕ್ಷ್ಮವಾದ ಸರಿತವನ್ನು ಕಣ್ಣಳತೆಯಿಂದ ನಿಶ್ಚಯಿಸುವುದು ಅಷ್ಟು ದುಸ್ತರ. ಫಲ ತಪ್ಪಿದರೂ ಮಾರ್ಗ ತಪ್ಪಲಿಲ್ಲ. 1888ರಿಂದ ಪಾಟ್ಸ್‌ಡಾಮಿನ ಫೋಗೆಲ್ ಛಾಯಾಚಿತ್ರಗಳ ನೆರವಿನಿಂದ ಅದೇ ಮಾರ್ಗದಲ್ಲಿ ವಿಶ್ವಾಸಾರ್ಹ ಫಲವನ್ನು ಪಡೆದರು. ಥೋರಿಯಂ-ಆರ್ಗಾನ್ ದೀಪಗಳನ್ನು ಬೆಳಗಿಸಿ ರೋಹಿತಲೇಖಿಯನ್ನು ಅಳತೆಗೊಳಿಸುವ ಇಂದಿನ ಪದ್ಧತಿಯೂ ಆ ಕಿಡಿಯ ಸಂತತಿಯೇ.

1875ರಲ್ಲಿ ಕೈಹಿಡಿದ ಮಾರ್ಗರೆಟ್ ಲಿಂಡ್ಸೆ ಮರ್ರೆಯವರು ಸಂಶೋಧನೆಯಲ್ಲಿಯೂ ಸಹಧರ್ಮಿಣಿಯಾದರು. ವಿಶ್ವವಿದ್ಯಾಲಯದ ಮೆಟ್ಟಿಲೇರದ ವರ್ತಕರು 1900ರಿಂದ 1905ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷಪೀಠವನ್ನಲಂಕರಿಸಿ, 1910ನೆಯ ಮೇ 12ರಂದು ದಿವಂಗತರಾದರು.

ಅರಿತುದನ್ನು ಪಕ್ಕದಲ್ಲಿರಿಸಿಕೊಂಡೇ ಅರಿಯದುದನ್ನು ಅಳೆಯಬೇಕು. ಅಳತೆಗೋಲನ್ನೂ ಮತ್ತೆ ಮತ್ತೆ ಪರೀಕ್ಷಿಸಬೇಕು. ವಿದ್ಯಾದಾನದಲ್ಲಿ ತೊಡಗಿದವರಿಗೆ ಈ ಜೀವನ ನೀಡುವ ಪಾಠವಿದು.