ಅರಮನೆ ವಾದ್ಯವೃಂದದ ವೆಂಕಟಗಿರಿಯಪ್ಪ

ಮೈಸೂರು ಅರಮನೆಯ ಕಲಾವಿದರೆಂದರೆ ಕಡೂರು ಸೀಮೆಯವರಿಗೆ ಮೊದಲು ನೆನಪಾಗುವವರು ತಂಗಲಿ ತಾಂಡ್ಯದಲ್ಲಿ ಜನಿಸಿದ ನರ್ತಕಿ ವೆಂಕಟಲಕ್ಷಮ್ಮ. ಅದೇ ಅರಮನೆಯ ಕರ್ನಾಟಕ ವಾದ್ಯವೃಂದವನ್ನು ಮುನ್ನಡೆಸಿದವರು ವೀಣೆ ವೆಂಕಟಗಿರಿಯಪ್ಪ. ವೈಣಿಕರಾಗಿ ಅವರು ಪ್ರಖ್ಯಾತರು. ವೃಂದದ ನಿರ್ದೇಶಕರಾಗಿ ಅವರು ಮಾಡಿದ ಕಾರ್ಯಕ್ಕೆ ಅಷ್ಟು ಮನ್ನಣೆ ದೊರೆಯಲಿಲ್ಲ.

1887ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಜನಿಸಿದ ಅವರು ವೀಣೆ ಶೇಷಣ್ಣನವರ ಶಿಷ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರು. ಒಂಟಿಯಾಗಿ ನುಡಿಸುವ ವೀಣೆಗೆ ಮನೋಧರ್ಮವೇ ಉಸಿರು. ವೃಂದದಲ್ಲಿ ಆ ಸ್ವಾತಂತ್ರ್ಯಕ್ಕೆ ಎಡೆ ಕಡಿಮೆ. ಹಲವು ವಾದ್ಯಗಳು ಒಂದೇ ಗತಿಯಲ್ಲಿ ಸಾಗಬೇಕಾದರೆ ಪ್ರತಿ ಸ್ವರವೂ ಮೊದಲೇ ನಿಶ್ಚಿತವಾಗಿರಬೇಕು. ವಾದ್ಯಕ್ಕೆಂದೇ ಅವರು ರಚಿಸಿದ, ಸಾಹಿತ್ಯದ ಹಂಗಿಲ್ಲದ ‘ನಗ್ಮಾ’ಗಳು ಇದಕ್ಕೆ ಹೇಳಿ ಮಾಡಿಸಿದಂತಿದ್ದವು.

ವೆಂಕಟಗಿರಿಯಪ್ಪನವರು 1952ರಲ್ಲಿ ನಿಧನರಾದರು. ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್ ಮುಂದೆ ಬೆಂಗಳೂರು ಆಕಾಶವಾಣಿಯಲ್ಲಿ ಸಂಗೀತ ನಿರ್ಮಾಪಕರಾದರು.