ಲಕ್ಷ್ಮಣರಾವ ಕಿರ್ಲೋಸ್ಕರ: ಸೈಕಲ್ಲಿನಂಗಡಿಯಿಂದ ಕಾರ್ಖಾನೆಯವರೆಗೆ



ಪ್ರತಿದಿನ ಮುಂಜಾನೆ ನಮ್ಮ ಶಾಲೆಯ ಗೋಡೆಗೆ ಒರಗಿ ನಿಲ್ಲುವ ಸೈಕಲ್ಲುಗಳನ್ನು ನಾವು ನೋಡುತ್ತಿರುತ್ತೇವೆ. ನಡುವೆ ಅಡ್ಡ ಕೊಳವೆಯುಳ್ಳ ಹಳೆಯ ಕರಿಯ ಸೈಕಲ್ಲು, ಅಡ್ಡ ಕೊಳವೆಯಿಲ್ಲದ ಹುಡುಗಿಯರ ಸೈಕಲ್ಲು, ಹಲವು ಹಲ್ಲುಚಕ್ರಗಳ ಗೇರಿನ ಸೈಕಲ್ಲು, ಹೀಗೆ ಬಗೆಬಗೆಯವು. ದೊಡ್ಡ ನಗರಗಳಲ್ಲಿ ಈಗ ಇನ್ನೂ ವಿಚಿತ್ರವಾದವು ಬಂದಿವೆ. ಬಿದಿರಿನ ಚೌಕಟ್ಟಿನವು, ಸರಪಳಿಯ ಬದಲು ಪಟ್ಟೆಯಿಂದ ನಡೆಯುವವು, ಮಡಿಚಿ ಕೈಯಲ್ಲಿ ಹಿಡಿದೊಯ್ಯಬಹುದಾದವು ಅಲ್ಲಿ ಕಾಣಸಿಗುತ್ತವೆ. ಇಂಥದೊಂದು ಹಾದಿಯಲ್ಲಿ ಹೋದರೆ ಕೆಲವರು ನಿಂತು ನೋಡುವರು, ಕೆಲವರು ನಗುವರು. ಆದರೆ ಒಂದು ಕಾಲದಲ್ಲಿ ಎಲ್ಲ ಸೈಕಲ್ಲುಗಳೂ ಜನರ ಕಣ್ಣಿಗೆ ವಿಚಿತ್ರವೇ ಆಗಿದ್ದವು. ಆ ಕಾಲದಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆದು, ಅಲ್ಲಿಂದಲೇ ಭಾರತದ ಯಂತ್ರೋದ್ಯಮಕ್ಕೆ ಒಂದು ಅಡಿಗಲ್ಲನ್ನಿಟ್ಟ ಮಹನೀಯರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆಯವರು ವೇದಾಂತದಲ್ಲಿ ಪಾಂಡಿತ್ಯವುಳ್ಳವರು. ಮಗನೂ ಓದಿನಲ್ಲಿ ಮುಂದೆ ಬರಬೇಕೆಂಬುದು ಅವರ ಆಸೆ. ಹುಡುಗನ ಮನಸ್ಸಾದರೋ ಪುಸ್ತಕದಲ್ಲಿ ನಿಲ್ಲದೆ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ಕೂಡಿಸುವುದರಲ್ಲಿಯೂ ರಮಿಸುತ್ತಿತ್ತು. ತಂದೆಗೆ ಇದು ಸರಿತೋರಲಿಲ್ಲ. ತಮ್ಮನ ಒಲವನ್ನು ಕಂಡು ಅವನ ಬೆನ್ನಿಗೆ ನಿಂತವರು ಅಣ್ಣ ರಾಮಚಂದ್ರರಾಯರು. ಮನೆಯವರ ಬಾಯಲ್ಲಿ ಅವರು ರಾಮುಅಣ್ಣ. ಅವರ ನೆರವಿನಿಂದಲೇ ಲಕ್ಷ್ಮಣರಾಯರು 1885ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಆಘಾತ ಕಾದಿತ್ತು. ಕೆಲವು ಬಣ್ಣಗಳ ಭೇದವು ಅವರ ಕಣ್ಣಿಗೆ ತಿಳಿಯದೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು ಬಂದ ತರುಣನಿಗೆ ಬಣ್ಣವೇ ಮೋಸ ಮಾಡಿದರೆ ಗತಿಯೇನು? ಲಕ್ಷ್ಮಣರಾಯರು ಮರಳಿ ಊರಿಗೆ ಹೋಗಲಿಲ್ಲ. ಬಣ್ಣ ಕೈಬಿಟ್ಟಿತಾದರೂ ಗೆರೆ ಉಳಿದಿತ್ತು. ಅವರು ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆಯನ್ನು ಕಲಿತರು. ಅದರಲ್ಲಿ ಎಷ್ಟು ಪಳಗಿದರೆಂದರೆ, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರಿಗೆ ಶಿಕ್ಷಕರ ಕೆಲಸವೇ ದೊರೆಯಿತು. ಬಿಡುವು ಸಿಕ್ಕಾಗಲೆಲ್ಲ ಯಂತ್ರಗಳ ಬಳಿಯಲ್ಲಿ ನಿಂತು ಅವುಗಳ ನಡೆಯನ್ನು ಅರಿತುಕೊಂಡರು.

ಮುಂಬಯಿಯ ಬೀದಿಯಲ್ಲಿ ಅವರು ಮೊದಲ ಬಾರಿಗೆ ಸೈಕಲ್ಲನ್ನು ಕಂಡದ್ದು ಈ ದಿನಗಳಲ್ಲಿಯೇ. ಆಗಿನ ಸೈಕಲ್ಲು ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. 1870ರ ದಶಕದ ಸೈಕಲ್ಲಿಗೆ ಸರಪಳಿಯೇ ಇರಲಿಲ್ಲ. ಪೆಡಲುಗಳು ಮುಂದಿನ ಗಾಲಿಗೇ ಜೋಡಿಸಿದ್ದವು. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುವುದು. ಬೇಗ ಹೋಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡುವುದೊಂದೇ ದಾರಿ. ಆದುದರಿಂದ ಮುಂದಿನ ಗಾಲಿ ಆಳೆತ್ತರಕ್ಕೆ ಬೆಳೆಯಿತು, ಹಿಂದಿನದು ಹೆಸರಿಗೆ ಮಾತ್ರ ಉಳಿಯಿತು. ಸವಾರನು ಆ ಎತ್ತರದಲ್ಲಿ ಕುಳಿತು, ಕಲ್ಲು ತಾಗಿದರೆ ತಲೆ ಕೆಳಗಾಗಿ ಬೀಳಬೇಕು.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ರೋವರ್ ಎಂಬ ಸೈಕಲ್ಲನ್ನು ಹೊರತಂದರು. ಅದರಲ್ಲಿ ಪೆಡಲುಗಳು ಎರಡು ಗಾಲಿಗಳ ನಡುವೆ ಬಂದವು, ಬಲವು ಸರಪಳಿಯ ಮೂಲಕ ಹಿಂದಿನ ಗಾಲಿಗೆ ಸಾಗಿತು. ಇದರಲ್ಲಿರುವ ಲೆಕ್ಕ ಸುಲಭ. ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯದಕ್ಕೆ 22 ಹಲ್ಲು ಇದ್ದರೆ, ಕಾಲು ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಎರಡು ಸುತ್ತು ಬರುವುದು. ಹೀಗೆ 28 ಅಂಗುಲದ ಗಾಲಿಯು 56 ಅಂಗುಲದ ದೊಡ್ಡ ಗಾಲಿಯಷ್ಟೇ ದೂರ ಸಾಗುವುದು, ಸವಾರನ ಕಾಲು ನೆಲಕ್ಕೆ ಹತ್ತಿರವಿರುವುದು. 1888ರಲ್ಲಿ ಬೆಲ್‌ಫಾಸ್ಟಿನ ಡನ್ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ರಬ್ಬರಿನ ಟಯರನ್ನು ಕೂಡಿಸಿದ ಮೇಲೆ ಕುಲುಕಾಟವೂ ತಗ್ಗಿತು.

ಆದರೂ ಸೈಕಲ್ಲಿನ ರೂಪವು ಇಷ್ಟೇ ಎಂದು ಆಗ ಯಾರೂ ನಿರ್ಣಯಿಸಿರಲಿಲ್ಲ. ಇಂಗ್ಲೆಂಡಿನಲ್ಲಿ ನೆಲಸಿದ್ದ ಪೆಡರ್ಸನ್ ಎಂಬ ಡೆನ್ಮಾರ್ಕಿನ ಯಂತ್ರಜ್ಞರು 1893ರ ವೇಳೆಗೆ, ಸಣ್ಣ ಕೊಳವೆಗಳನ್ನು ತ್ರಿಕೋಣ ತ್ರಿಕೋಣವಾಗಿ ಕೂಡಿಸಿದ ಚೌಕಟ್ಟನ್ನು ಕಲ್ಪಿಸಿ, ಅದರಲ್ಲಿ ಹೆಣೆದ ಆಸನವನ್ನು ತೊಟ್ಟಿಲಿನಂತೆ ತೂಗುಬಿಟ್ಟರು. ಬೇರೆ ಕೆಲವರು ಸರಪಳಿಯನ್ನೇ ತೆಗೆದುಹಾಕಿ, ತಿರುಗುವ ಸರಳು ಮತ್ತು ಓರೆಹಲ್ಲಿನ ಚಕ್ರಗಳಿಂದ ಗಾಲಿಯನ್ನು ನಡೆಯಿಸಿದರು. ಇವೆಲ್ಲ ಜಾಣ್ಮೆಯ ರಚನೆಗಳೇ. ಆದರೂ ಬಹುಕಾಲ ಬಾಳಿದ್ದು ಸರಳವಾದ ಚೌಕಟ್ಟು ಮತ್ತು ಸರಪಳಿ. ಅದನ್ನು ಅಗ್ಗವಾಗಿ ಮಾಡಬಹುದಾಗಿತ್ತು, ಕೆಟ್ಟರೆ ಹಳ್ಳಿಯಲ್ಲಿಯೂ ಸರಿಪಡಿಸಬಹುದಾಗಿತ್ತು. ಯಂತ್ರವು ಎಷ್ಟು ಚೆಲುವಾದರೂ ಬಳಸುವವನ ಕೈಗೆ ಒಗ್ಗಬೇಕೆಂಬ ಪಾಠವು ಇದರಲ್ಲುಂಟು.

ಈ ಹೊಸ ವಾಹನದ ವ್ಯಾಪಾರವನ್ನೇ ಕಿರ್ಲೋಸ್ಕರ ಸಹೋದರರು ಕೈಗೊಂಡರು. 1888ರಲ್ಲಿ ಬೆಳಗಾವಿಯಲ್ಲಿ ಅವರ ಸೈಕಲ್ಲಿನ ಅಂಗಡಿ ಆರಂಭವಾಯಿತು. ತಮ್ಮನು ಮುಂಬಯಿಯಲ್ಲಿ ಸೈಕಲ್ಲು ಕೊಂಡು ಕಳಿಸುವುದು, ಅಣ್ಣನು ಬೆಳಗಾವಿಯಲ್ಲಿ ಮಾರುವುದು, ಹೀಗೆ ಕೆಲಸ ಹಂಚಿಕೊಂಡರು. ಆದರೆ ಊರಿನವರಿಗೆ ಸೈಕಲ್ಲು ಹತ್ತಲು ಬರಬೇಕಲ್ಲ! ಎರಡೇ ಗಾಲಿಯ ಮೇಲೆ ಮನುಷ್ಯನು ಬೀಳದೆ ಹೋಗುವನೆಂದರೆ ನಂಬುವವರೇ ಕಡಿಮೆ. ಆಗ ರಾಮುಅಣ್ಣನವರು ಅಂಗಡಿಕಾರರಷ್ಟೇ ಆಗಿ ಉಳಿಯದೆ ಗುರುಗಳೂ ಆದರು. ಹದಿನೈದು ರೂಪಾಯಿ ಶುಲ್ಕ ಪಡೆದು ಸವಾರಿ ಕಲಿಸುತ್ತಿದ್ದರು. ಮಾರಿದ ಮೇಲೆ ಕಲಿಸಬೇಕು, ಕೆಟ್ಟ ಮೇಲೆ ಸರಿಪಡಿಸಬೇಕು. ಇದು ಆ ಅಂಗಡಿಯ ನಡೆಯಾಯಿತು. ಅದರ ನೆನಪಿಗೆಂಬಂತೆ ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ ರಸ್ತೆಯಿದೆ.

ಕೆಲವು ವರ್ಷಗಳ ಮೇಲೆ ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಬರಬೇಕಾಗಿದ್ದ ಬಡ್ತಿಯು ಒಬ್ಬ ಆಂಗ್ಲೋ-ಇಂಡಿಯನ್ನರ ಪಾಲಾಯಿತು. ಯೋಗ್ಯತೆಗಿಂತ ಬಣ್ಣಕ್ಕೆ ಬೆಲೆ ಹೆಚ್ಚಾಗಿದ್ದ ಕಾಲವದು. ಚಿತ್ರಕಲೆಯಲ್ಲಿ ತೊಡಕಾದ ಬಣ್ಣವು ನೌಕರಿಯಲ್ಲಿಯೂ ಅವರಿಗೆ ತೊಡಕಾಯಿತು. ಅವರು ಕೆಲಸಕ್ಕೆ ರಾಜೀನಾಮೆಯಿತ್ತು ಬೆಳಗಾವಿಗೆ ಬಂದು ಅಣ್ಣನನ್ನು ಕೂಡಿಕೊಂಡರು.

ಪರದೇಶದ ಸರಕನ್ನು ತಂದು ಮಾರುತ್ತ ಕೂಡುವುದು ಲಕ್ಷ್ಮಣರಾಯರ ಮನಸ್ಸಿಗೆ ಒಪ್ಪಲಿಲ್ಲ. ಈ ನಾಡಿನ ಬಹುಜನರು ಒಕ್ಕಲಿಗರು. ಅವರಿಗೆ ಬೇಕಾದುದನ್ನು ಇಲ್ಲಿಯೇ ಏಕೆ ಮಾಡಬಾರದು? ಮೊದಲು ಕಣಿಕೆ ಕತ್ತರಿಸುವ ಯಂತ್ರವನ್ನು ಮಾಡಿದರು. ಅನಂತರ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲನ್ನು ಸಿದ್ಧಪಡಿಸಿದರು. ಕಟ್ಟಿಗೆಯ ನೇಗಿಲು ನೆಲವನ್ನು ಮೇಲೆ ಮೇಲೆ ಗೀರುವುದು. ಕಬ್ಬಿಣದ್ದು ಆಳಕ್ಕಿಳಿದು ಮಣ್ಣನ್ನು ಮಗುಚಿ ಹಾಕುವುದು. ಗುಣ ಇಷ್ಟು ಸ್ಪಷ್ಟವಾಗಿದ್ದರೂ ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ.

ವಿದ್ಯಾರ್ಥಿಗಳೇ, ಆ ಎರಡು ವರ್ಷಗಳನ್ನು ನೀವು ಕ್ಷಣಹೊತ್ತು ಯೋಚಿಸಿರಿ. ಮಾಡಿದ ವಸ್ತು ಒಳ್ಳೆಯದು, ಕೊಳ್ಳುವವನು ಇಲ್ಲ, ಕೂಲಿಯವರ ಸಂಬಳ ನಿಲ್ಲದು. ರೈತನು ದಡ್ಡನೆಂದು ಬೈದು ಅಂಗಡಿ ಮುಚ್ಚುವುದು ಸುಲಭವಾಗಿತ್ತು. ಆದರೆ ವರ್ಷದ ಬೆಳೆಯೊಂದೇ ಆಧಾರವಾಗಿರುವವನು ಹೊಸ ನೇಗಿಲಿಗೆ ಅಂಜುವುದು ಸಹಜ. ಬೆಳೆ ಹೋದರೆ ಅವನ ಮನೆಯೇ ಹೋಯಿತು. ಸೈಕಲ್ಲು ಕೊಂಡವನು ಬಿದ್ದರೆ ಮೊಣಕಾಲು ತರಚೀತು, ಅಷ್ಟೆ. ಸೈಕಲ್ಲಿನ ಸವಾರಿಯನ್ನು ಕಲಿಸಿದಂತೆ ನೇಗಿಲಿನ ನಂಬಿಕೆಯನ್ನೂ ಜನರಿಗೆ ಕಲಿಸಬೇಕಾಗಿತ್ತು. ಅದಕ್ಕೆ ತಾಳ್ಮೆಯೇ ಬಂಡವಾಳ. ಲಕ್ಷ್ಮಣರಾಯರಲ್ಲಿ ಅದು ಧಾರಾಳವಾಗಿತ್ತು. ಕ್ರಮೇಣ ನೇಗಿಲುಗಳು ಹೊಲಕ್ಕಿಳಿದವು, ಬೆಳೆಯೇ ಸಾಕ್ಷಿ ನುಡಿಯಿತು.

ಕೆಲಸ ಹಿಡಿತಕ್ಕೆ ಬಂದಿತೆನ್ನುವಷ್ಟರಲ್ಲಿ ಕಾರ್ಖಾನೆಯಿದ್ದ ಜಾಗವು ಊರಿನ ಹೊಸ ಬಡಾವಣೆಗೆ ಬೇಕಾಗಿ, ಬೆಳಗಾವಿಯ ಪುರಸಭೆಯು ಅದನ್ನು ತೆರವು ಮಾಡುವಂತೆ ತಿಳಿಸಿತು. ಆ ಸಂಕಟದಲ್ಲಿ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಕುಂಡಲ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಆ ಭೂಮಿಯಾದರೋ ಪಾಪಾಸುಕಳ್ಳಿ ಮತ್ತು ಹಾವುಗಳ ಬೀಡು. 1910ರಲ್ಲಿ ಸಹೋದರರು ತಮ್ಮ ಕೆಲಸಗಾರರೊಡನೆ ಅಲ್ಲಿಗೆ ಹೋಗಿ, ಕಳ್ಳಿ ಕಡಿದು, ಕಾರ್ಖಾನೆ ಕಟ್ಟಿ, ಮನೆಗಳನ್ನೆಬ್ಬಿಸಿ, ಒಂದು ಊರನ್ನೇ ನಿರ್ಮಿಸಿದರು. ಅದುವೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆ ಕಂಡು ಬಂದವರನ್ನೂ ನಂಬಿ ಕಾವಲಿನ ಕೆಲಸ ಕೊಟ್ಟರೆಂಬುದು ಲಕ್ಷ್ಮಣರಾಯರ ಹೃದಯವನ್ನು ತೋರಿಸುತ್ತದೆ.

ಮುಂದಿನ ಕಥೆ ಅಭ್ಯುದಯದ್ದು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯು ಸ್ಥಾಪನೆಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಪಂಪು ಮೊದಲಾದವು ತಯಾರಾದವು. ಅಮೆರಿಕೆಯಲ್ಲಿ ಯಂತ್ರಶಾಸ್ತ್ರ ಕಲಿತು ಬಂದ ಮಗ ಶಂತನುರಾಯರು ಉದ್ಯಮವನ್ನು ಬೆಳೆಸಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಕಂಪನಿಗಳು ಹುಟ್ಟಿ, ಕನ್ನಡದ ಮಗನ ಉದ್ಯಮವು ಕನ್ನಡ ನಾಡಿಗೆ ಮರಳಿತು. 1956ನೆಯ ಇಸವಿ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ಕೀರ್ತಿಶೇಷರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿ ಬಿಡಕಿನ್ ಎಂಬ ಊರಿದೆ. ಅಲ್ಲಿಯ ಹೊಲಗಳ ನಡುವೆ ದೊಡ್ಡ ಕೈಗಾರಿಕಾ ಪ್ರದೇಶವೊಂದು ಎದ್ದಿದೆ. 2024ರ ಜುಲೈಯಲ್ಲಿ ಟೊಯೋಟಾ ಕಿರ್ಲೋಸ್ಕರ ಮೋಟಾರ್ ಕಂಪನಿಯು ಮೋಟಾರು ಕಾರ್ಖಾನೆಗಾಗಿ ಮಹಾರಾಷ್ಟ್ರ ಸರಕಾರದೊಡನೆ ಒಪ್ಪಂದ ಮಾಡಿಕೊಂಡು, ಆ ಪ್ರದೇಶವನ್ನೇ ಆರಿಸಿಕೊಂಡಿತು. ಆ ಕಂಪನಿಯು 1997ರಲ್ಲಿ ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ನೆಲೆಗೊಂಡದ್ದು. ಬಿಡದಿಯಿಂದ ಬಿಡಕಿನ್‌ವರೆಗೆ ಬಂದಿರುವ ಆ ಹೆಸರಿನ ಮೂಲವು ಗುರ್ಲಹೊಸೂರಿನ ಹುಡುಗನ ಸೈಕಲ್ಲಿನ ಅಂಗಡಿಯಲ್ಲಿದೆಯೆಂಬುದನ್ನು ಆ ಹಾದಿಯಲ್ಲಿ ಸಾಗುವವರಲ್ಲಿ ಎಷ್ಟು ಮಂದಿ ಬಲ್ಲರು?

ಕನ್ನಡ ನಾಡಿನಿಂದ ಬಂದು ಇಲ್ಲಿ ಅನ್ನ ಕಂಡುಕೊಂಡ ನಮಗೆ ಈ ಚರಿತ್ರೆ ಬೇರೊಂದು ಕಾರಣದಿಂದಲೂ ಪ್ರಿಯ. ಕನ್ನಡ ಶಾಲೆಯಲ್ಲಿ ಓದಿದರೆ ಈ ನಗರದಲ್ಲಿ ಮುಂದೇನೆಂದು ನಿಮ್ಮಲ್ಲಿ ಹಲವರು ಕೇಳುವುದುಂಟು. ಹುಡುಗರಾಗಿದ್ದಾಗ ನಾವೂ ಇದನ್ನೇ ಕೇಳಿದ್ದೆವು. ಲಕ್ಷ್ಮಣರಾಯರಿಗೆ ಬಣ್ಣ ತಪ್ಪಿತು, ಬಡ್ತಿ ತಪ್ಪಿತು, ಜಾಗವೂ ತಪ್ಪಿತು. ಕಲಿತ ವಿದ್ಯೆ ಮಾತ್ರ ಅವರ ಕೈ ಬಿಡಲಿಲ್ಲ. ಒಂದು ಸಂಗತಿಯನ್ನು ಮರೆಯದಿರಿ. ಅವರ ಹಿಂದೆ ರಾಮುಅಣ್ಣನಂಥ ಅಣ್ಣನಿದ್ದರು. ಹೊಸದಾಗಿ ಸೈಕಲ್ಲು ಕಲಿಯುವವನ ಹಿಂದೆ, ಸೀಟು ಹಿಡಿದು ಓಡುವವನೊಬ್ಬನು ಬೇಕು. ನೀವು ಕಲಿತ ಮೇಲೆ, ನಿಮ್ಮ ತಮ್ಮತಂಗಿಯರ ಹಿಂದೆ ಹಾಗೆ ಓಡಲು ಸಿದ್ಧರಾಗಿರಿ. ಇದೇ ನಮ್ಮ ಆಶಯ.