ಬಿದಿರು ಕೋಟೆಯ ತೀತು ಮೀರ್

ಗಡ್ಡ ಬಿಟ್ಟದ್ದಕ್ಕೆ ತೆರಿಗೆ ಕಟ್ಟಬೇಕೆಂದು ಯಾರಾದರೂ ಹೇಳಿದರೆ ನಿಮಗೆ ನಗು ಬಂದೀತು. 1830ರಲ್ಲಿ ಬಂಗಾಳದ ಬಡ ರೈತರಿಗೆ ಅದು ನಗುವ ಮಾತಾಗಿರಲಿಲ್ಲ. ಇಪ್ಪತ್ನಾಲ್ಕು ಪರಗಣ ಜಿಲ್ಲೆಯ ಪುರ್ಹಾದ ಜಮೀನ್ದಾರ ಕೃಷ್ಣದೇವ ರಾಯ್, ಗಡ್ಡ ಬಿಟ್ಟ ಪ್ರತಿ ಮುಸ್ಲಿಂ ರೈತನ ಮೇಲೆ ಎರಡೂವರೆ ರೂಪಾಯಿ ಹೇರಿದನು. ಇದು ಕಂಪನಿ ಸರ್ಕಾರದ ಕಂದಾಯವಲ್ಲ, ನಿಜ. ಆದರೆ 1793ರ ಕಾಯಂ ಜಮೀನ್ದಾರಿ ಪದ್ಧತಿಯಿಂದ ಜಮೀನ್ದಾರನಿಗೆ ರೈತರ ಮೇಲೆ ಅಷ್ಟು ಬಲ ಬಂದಿತ್ತು. ಅವನ ಅಕ್ರಮ ವಸೂಲಿಯನ್ನು ಕೇಳುವವರೇ ಇರಲಿಲ್ಲ.

ಇದನ್ನು ಎದುರಿಸಿ ನಿಂತವರು ಸಯ್ಯದ್ ಮೀರ್ ನಿಸಾರ್ ಅಲಿ, ಅಂದರೆ ತೀತು ಮೀರ್. 1782ರಲ್ಲಿ ಜನನ. ಯೌವನದಲ್ಲಿ ಕುಸ್ತಿಪಟು. ವಿದ್ಯಾರ್ಥಿ ಮಿತ್ರರು ಇದನ್ನೂ ತಿಳಿದಿರಲಿ: ಅವರು ಮೊದಲು ಜಮೀನ್ದಾರರ ಬಳಿಯೇ ಲಾಠಿ ಹಿಡಿದು ದುಡಿದವರು, ಜೈಲನ್ನೂ ಕಂಡವರು. ನಲವತ್ತರ ವಯಸ್ಸಿನಲ್ಲಿ ಹಜ್ ಯಾತ್ರೆಗೆ ಹೋದಾಗ ರಾಯ್‌ಬರೇಲಿಯ ಸಯ್ಯದ್ ಅಹ್ಮದ್ ಅವರ ಪರಿಚಯವಾಗಿ ಬದುಕೇ ಬದಲಾಯಿತು. 1827ರ ಹೊತ್ತಿಗೆ ಊರಿಗೆ ಮರಳಿ ರೈತರಿಗೂ ನೇಕಾರರಿಗೂ ದೀನಿನ ಬೋಧನೆ ಮಾಡತೊಡಗಿದರು.

ಸರ್ಫರಾಜ್‌ಪುರದಲ್ಲಿ ವಸೂಲಿಗೆ ಬಂದವರನ್ನು ರೈತರು ತಡೆದರು. ಜಮೀನ್ದಾರನ ಜನ ಮನೆಗಳನ್ನು ಲೂಟಿ ಮಾಡಿ, ಮಸೀದಿಗೆ ಬೆಂಕಿ ಇಟ್ಟರು. ಆಗ ತೀತು ಮೀರ್ ಕಡೆಯವರು ಮಾಡಿದ್ದೇನು? ಪೊಲೀಸರಿಗೆ ದೂರು ಕೊಟ್ಟರು. ದರೋಗಾ ಜಮೀನ್ದಾರನ ಪರ ನಿಂತ. ಮ್ಯಾಜಿಸ್ಟ್ರೇಟರ ಬಳಿ ಹೋದರು, ಫಲವಿಲ್ಲ. 1831ರಲ್ಲಿ ಕಲ್ಕತ್ತೆಗೂ ಅಲೆದರು. ಮೇಲಧಿಕಾರಿ ಸಂಚಾರದಲ್ಲಿದ್ದುದರಿಂದ ಬರಿಗೈಲಿ ಮರಳಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅರ್ಜಿ ಹಿಡಿದು ಅಲೆದ ಮೇಲೆಯೇ ಅವರು ಆಯುಧ ಎತ್ತಿದ್ದು. ಅವರನ್ನು ಬರೀ ದಂಗೆಕೋರರೆಂದು ತಳ್ಳಿಹಾಕುವವರಿಗೆ ಈ ಒಂದು ವರ್ಷ ಕಾಣುವುದಿಲ್ಲ.

ಹಾಗೆಂದು ಮುಂದೆ ನಡೆದದ್ದೆಲ್ಲವೂ ಸರಿಯೇ? ನಾನು ಹಾಗೆ ಹೇಳಲಾರೆ. ನವೆಂಬರ್ 6ರಂದು ಪುರ್ಹಾಕ್ಕೆ ನುಗ್ಗಿದವರು ಸಂತೆಯಲ್ಲಿ ಗೋವನ್ನು ಕಡಿದು ಅದರ ರಕ್ತವನ್ನು ದೇವಸ್ಥಾನಕ್ಕೆ ಎರಚಿದರು. ತೆರಿಗೆ ಹಾಕಿದವನು ಜಮೀನ್ದಾರ. ಆ ದೇವಸ್ಥಾನಕ್ಕೆ ಕೈಮುಗಿಯುತ್ತಿದ್ದ ಬಡವ ಇವರಂತೆಯೇ ಗೇಣಿ ಕಟ್ಟುವವನು. ಶೇರ್‌ಪುರದಲ್ಲಿ ತಮ್ಮನ್ನು ಒಪ್ಪದ ಮುಸ್ಲಿಂ ಸಾಹುಕಾರನ ಮನೆಯನ್ನೂ ಲೂಟಿ ಮಾಡಿದರು. ವಸೂಲಿಯವರನ್ನು ಮನೆ ಬಾಗಿಲಲ್ಲಿ ತಡೆದದ್ದನ್ನು ನಾನು ಒಪ್ಪುತ್ತೇನೆ. ಇವೆರಡನ್ನು ಒಪ್ಪುವುದಿಲ್ಲ. ನಮ್ಮವರೆಂಬ ಅಭಿಮಾನದಿಂದ ಈ ಪುಟಗಳನ್ನು ಮುಚ್ಚಿಡುವುದೂ ಸರಿಯಲ್ಲ.

ನಾರ್ಕೇಲ್‌ಬೇರಿಯಾದಲ್ಲಿ ಬಿದಿರಿನ ಕೋಟೆ ಎದ್ದಿತು. ಕಂಪನಿಯ ಆಳ್ವಿಕೆ ಮುಗಿಯಿತೆಂದು ಸಾರಿದ ತೀತು ಮೀರ್, ಕಂದಾಯವನ್ನು ತಮಗೇ ಕೊಡಬೇಕೆಂದರು. ಜಮೀನ್ದಾರರೂ ನೀಲಿ ತೋಟದ ಬಿಳಿಯರೂ ಬೆದರಿದರು. ನವೆಂಬರ್ 15ರಂದು ಬಂದ ಮ್ಯಾಜಿಸ್ಟ್ರೇಟ್ ಅಲೆಗ್ಸಾಂಡರ್ ಸೋತು ಓಡಿದನು. ಬಸೀರ್‌ಹಾಟಿನ ದರೋಗಾ ಹತನಾದನು.

ನಾಲ್ಕೇ ದಿನ. ನವೆಂಬರ್ 19ರಂದು ಕುದುರೆ ಸವಾರರು, ಕಾಲಾಳುಗಳು, ಫಿರಂಗಿಗಳೊಂದಿಗೆ ಸೈನ್ಯ ಬಂದಿತು. ಬಿದಿರು ಎಷ್ಟು ಹೊತ್ತು ತಡೆದೀತು? ತೀತು ಮೀರ್ ಸುಮಾರು 50 ಸಂಗಡಿಗರೊಂದಿಗೆ ಅಲ್ಲಿಯೇ ಮಡಿದರು. ನೂರಾರು ಜನ ಸೆರೆಯಾದರು. ಸೇನಾಪತಿ ಗುಲಾಮ್ ಮಾಸೂಮ್‌ಗೆ ಗಲ್ಲು, ಸುಮಾರು 140 ಜನರಿಗೆ ಜೈಲು. ಅವರಲ್ಲಿ ಹೆಚ್ಚಿನವರು ನೇಗಿಲು, ಮಗ್ಗ ಬಿಟ್ಟು ಬಂದವರು.